ಗುರುತು ಹಿಡಿದು ಬರುವ ಓದುಗರಿಗೆ: ಲಿಲಿಪಾಂಡ್‌ಗೆ ಕನ್ನಡ ಕೈಪಿಡಿ ಜೋಡಿಸಿದ ಅನುಭವ

ನಮ್ಮದು ಸಣ್ಣ ಬಳಗ. ಬಸವನಗುಡಿಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುವ ಮೇಡಂ ಇದ್ದಾರೆ, ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸುವ ಹುಡುಗರಿದ್ದಾರೆ, ಕನ್ನಡ ಚರ್ಚೊಂದರಲ್ಲಿ ನಾಲ್ಕು ದನಿಯ ಗಾಯನವೃಂದ ನಡೆಸುವ ಹಿರಿಯರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಈ ಮೂರು ಲೋಕಗಳೂ ಅಕ್ಕಪಕ್ಕದ ಬೀದಿಗಳಲ್ಲೇ ಇರುತ್ತವೆ, ಆದರೆ ಒಂದೆಡೆ ಸೇರುವುದು ಅಪರೂಪ. ಇವರೆಲ್ಲ ಸೇರಿದ್ದಕ್ಕೆ ಕಾರಣ ಒಂದೇ ಬೇಡಿಕೆ. ಕೈಯಲ್ಲಿ ಬರೆದಿಟ್ಟುಕೊಂಡ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಚೆನ್ನಾಗಿ ಅಚ್ಚಾಗಬೇಕು, ಸ್ವರದ ಕೆಳಗೆ ಕನ್ನಡ ಸಾಹಿತ್ಯ ನೆಟ್ಟಗೆ ಕೂರಬೇಕು, ತಂತ್ರಾಂಶಕ್ಕೆ ದುಡ್ಡು ಕೊಡುವಂತಿರಬಾರದು. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್‌ಗಳಿಗೆ ಬಳಕೆದಾರರ ಕೈಪಿಡಿ ಬರೆಯುವುದು, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಕೈಪಿಡಿಯ ಕೆಲಸ ನನ್ನ ಪಾಲಿಗೆ ಬಂತು. ಸಂತೋಷದಿಂದಲೇ ಒಪ್ಪಿಕೊಂಡೆ.

ಲಿಲಿಪಾಂಡ್ ಆರಿಸಿಕೊಂಡಿದ್ದರ ಬಗ್ಗೆ ಎರಡು ಮಾತು. ನೆದರ್‌ಲೆಂಡ್ಸ್‌ನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ 1996ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಇದು, ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯ ಭಾಗ. ಇದರಲ್ಲಿ ಮೌಸ್ ಹಿಡಿದು ಗೆರೆಗಳ ಮೇಲೆ ಸ್ವರ ಇಡುವ ಕೆಲಸವಿಲ್ಲ. ಸಿ, ಡಿ, ಇ ಎಂದು ಅಕ್ಷರಗಳನ್ನು ಟೈಪ್ ಮಾಡುತ್ತೇವೆ, ಪಕ್ಕದಲ್ಲಿ ಕಾಲದ ಅಳತೆಗೆ ಅಂಕಿ ಕೊಡುತ್ತೇವೆ, ತಂತ್ರಾಂಶ ಅದನ್ನು ಓದಿ ಪಿಡಿಎಫ್ ಮಾಡಿಕೊಡುತ್ತದೆ. ಕೈಯಿಂದ ಲೋಹದ ತಗಡಿನ ಮೇಲೆ ಸಂಗೀತ ಕೆತ್ತುತ್ತಿದ್ದ ಯುರೋಪಿನ ಹಳೆಯ ಕುಶಲಿಗಳ ಪುಟಗಳನ್ನು ಮಾದರಿಯಾಗಿಟ್ಟುಕೊಂಡು ಅದರ ಅಳತೆಗಳನ್ನು ರೂಪಿಸಿದ್ದಾರೆ. ಅಚ್ಚಾದ ಹಾಳೆ ನೋಡಿದರೆ ಅದು ಗೊತ್ತಾಗುತ್ತದೆ: ಸ್ವರಗಳ ನಡುವಿನ ಜಾಗ ಕಣ್ಣಿಗೆ ಹಿತವಾಗಿರುತ್ತದೆ. ಕೀಬೋರ್ಡ್ ಹುಡುಗರು ಮೊದಲ ಹಾಳೆ ನೋಡಿ ಮಾತೇ ಆಡದೆ ಸ್ಟ್ಯಾಂಡಿಗೆ ಸಿಕ್ಕಿಸಿ ನುಡಿಸಲು ಶುರುಮಾಡಿದ್ದು ನನಗೆ ಸಾಕಷ್ಟು ಹೇಳಿತು.

ಲಿಲಿಪಾಂಡ್‌ಗೆ ದಾಖಲೆಯ ಬಡತನವಿಲ್ಲ. ಕಲಿಕೆಗೆ ಒಂದು ಪುಸ್ತಕ, ನೊಟೇಶನ್ನಿನ ಪ್ರತಿಯೊಂದು ಗುರುತಿಗೂ ವಿವರ ಕೊಡುವ ನೂರಾರು ಪುಟದ ಆಕರ ಪುಸ್ತಕ, ಸಂಗೀತದ ಪಾರಿಭಾಷಿಕ ಪದಗಳಿಗೆ ಒಂದು ಪದಕೋಶ, ಸಣ್ಣ ಸಣ್ಣ ತುಣುಕುಗಳ ಸಂಗ್ರಹ, ಬಳಕೆಯ ವಿಧಾನಕ್ಕೆ ಬೇರೆ, ಒಳಗಿನ ಯಂತ್ರದ ಭಾಗಗಳಿಗೆ ಬೇರೆ. ಈ ಕೊನೆಯದನ್ನು ಮನುಷ್ಯರು ಕೂತು ಬರೆದಿಲ್ಲ, ತಂತ್ರಾಂಶದ ಕೋಡಿನಿಂದಲೇ ಅದು ತಯಾರಾಗುತ್ತದೆ. 2007-08ರಲ್ಲಿ ಸ್ವಯಂಸೇವಕರು ಇಡೀ ದಾಖಲೆಯನ್ನು ಬಿಚ್ಚಿ ಮರುಜೋಡಿಸಿದರು. ಆಗ ಗಟ್ಟಿಯಾದ ಒಂದು ಶಿಸ್ತು ಇವತ್ತಿಗೂ ಕಾಣುತ್ತದೆ. ಆಕರ ಪುಸ್ತಕದ ಯಾವ ವಿಭಾಗ ತೆರೆದರೂ ಮೊದಲು ವಿವರಣೆ ಮತ್ತು ಉದಾಹರಣೆ, ಆಮೇಲೆ ಸಿದ್ಧ ಆದೇಶಗಳು, ಆಯ್ದ ತುಣುಕುಗಳು, ಇನ್ನೆಲ್ಲಿ ನೋಡಬೇಕು ಎಂಬ ಸೂಚನೆ, ಕೊನೆಗೆ ಗೊತ್ತಿರುವ ತೊಂದರೆಗಳು. ಎಲ್ಲಿ ಏನಿರುತ್ತದೆ ಎಂದು ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಮತ್ತೆ ಹುಡುಕಬೇಕಾಗಿಲ್ಲ. ವೃತ್ತಿಯಲ್ಲಿ ನಾನು ಕಂಡ ಎಷ್ಟೋ ದೊಡ್ಡ ಕಂಪನಿಗಳ ಕೈಪಿಡಿಗಳಿಗಿಂತ ಇದರ ಕಟ್ಟು ಗಟ್ಟಿ.

ಹಾಗಿದ್ದರೆ ಅದನ್ನೇ ಕನ್ನಡಕ್ಕೆ ತಂದರೆ ಆಗಿಹೋಯಿತಲ್ಲ ಎಂದು ಬಳಗದಲ್ಲಿ ಕೆಲವರು ಕೇಳಿದರು. ನನಗೆ ಹಾಗನ್ನಿಸಲಿಲ್ಲ. ಆ ಪುಸ್ತಕಗಳು ಸ್ಟಾಫ್ ನೊಟೇಶನ್ ಬಲ್ಲವರು, ತಂತ್ರಾಂಶ ಮಾತ್ರ ಹೊಸದು ಎನ್ನುವವರಿಗೆ ಬರೆದವು. ನಮ್ಮ ಓದುಗರಲ್ಲಿ ಮುಕ್ಕಾಲು ಪಾಲು ಸ್ವರಲಿಪಿಯಲ್ಲಿ, ಅಂದರೆ ಸ ರಿ ಗ ಮ ಎಂದು ಅಕ್ಷರಗಳಲ್ಲಿ ಬರೆಯುವ ಪದ್ಧತಿಯಲ್ಲಿ, ಬೆಳೆದವರು. ತಾಳ ಲಯ ರಕ್ತದಲ್ಲಿದೆ, ಐದು ಗೆರೆಯ ಪದ್ಧತಿ ಇತ್ತೀಚಿನ ಪರಿಚಯ. ಅವರ ಕೈಗೆ ಈಗಾಗಲೇ ಅಂಟಿರುವ ಅಭ್ಯಾಸಗಳು ಬೇರೆ, ಹಾಗಾಗಿ ಅವರು ತೊಡರುವ ಜಾಗಗಳೂ ಬೇರೆ. ಕೈಪಿಡಿಯ ಜೋಡಣೆ ಆ ಜಾಗಗಳನ್ನು ಅನುಸರಿಸಬೇಕು ಎಂಬುದು ನನ್ನ ಹಟವಾಗಿತ್ತು.

ಕೆಲಸ ಶುರುವಾದದ್ದು ಗುಡ್ಡೆ ಹಾಕುವುದರಿಂದ. ಬಳಗದವರು ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದ ವಾಟ್ಸಾಪ್ ಸಂದೇಶಗಳು, ಪರದೆಯ ಫೋಟೋಗಳು, ಧ್ವನಿಮುದ್ರಿಕೆಗಳು, ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿಕೊಂಡ ಸೂಚನೆಗಳು ಎಲ್ಲವನ್ನೂ ಕೇಳಿ ತರಿಸಿಕೊಂಡೆ. ಉತ್ತರಗಳನ್ನು ಬದಿಗಿಟ್ಟು ಪ್ರಶ್ನೆಗಳನ್ನು ಮಾತ್ರ ಒಂದೊಂದು ಚೀಟಿಗೆ ಬರೆದೆ, ಕೇಳಿದವರ ಮಾತಿನಲ್ಲೇ. “ಸಾಹಿತ್ಯ ಒಂದು ಸ್ವರ ಮುಂದಕ್ಕೆ ಜಾರ್ತಿದೆ.” “ಪಂಚಮ ಯಾಕೆ ಕೆಳಗೆ ಹೋಗಿ ಕೂತ್ಕೊಳ್ತು?” “ಎರಡನೇ ಚರಣ ಕೆಳಗೆ ಹಾಕೋದು ಹೇಗೆ?” “ಇದೇ ಹಾಡು ಜಿ ಶ್ರುತಿಗೆ ಬೇಕು, ಸಂಜೆ ಪ್ರೋಗ್ರಾಂ ಇದೆ.” ಮೇಡಂ ಮನೆಯ ಹಜಾರದ ನೆಲದ ಮೇಲೆ ಚೀಟಿಗಳನ್ನು ಹರಡಿ ಗುಂಪು ಮಾಡಿದಾಗ ಒಂದು ವಿಷಯ ಎದ್ದು ಕಂಡಿತು. ತಂತ್ರಾಂಶದ ಭಾಗಗಳ ಹೆಸರು ಹಿಡಿದು ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳಿದ್ದು ಹಾಳೆಯ ಮೇಲೆ ಕಂಡ ಒಂದು ಗುರುತನ್ನೋ ಪರದೆಯ ಮೇಲೆ ಕಂಡ ಒಂದು ಎಡವಟ್ಟನ್ನೋ ಹಿಡಿದು.

ದಾಖಲೆ ಬರೆಯುವವರ ನಡುವೆ ಡ್ಯಾನಿಯೆಲೆ ಪ್ರೊಸಿಡಾ ರೂಪಿಸಿದ ಡಯಾಟಾಕ್ಸಿಸ್ ಎಂಬ ವಿಂಗಡಣೆ ಬಳಕೆಯಲ್ಲಿದೆ: ಪಾಠ, ಕೆಲಸದ ದಾರಿ, ಆಕರ, ವಿವರಣೆ ಎಂದು ನಾಲ್ಕು. ಇದರಿಂದ ನಾನು ತೆಗೆದುಕೊಂಡದ್ದು ಒಂದೇ ನಿಯಮ. ಕಲಿಯಲು ಕೂತವರ ಪುಟವನ್ನೂ ಕೆಲಸದ ನಡುವೆ ಓಡಿಬಂದವರ ಪುಟವನ್ನೂ ಬೆರೆಸಬಾರದು. ಕಲಿಯುವವರಿಗೆ ನಿಧಾನ ಬೇಕು, ಒಂದು ಹೆಜ್ಜೆಗೆ ಒಂದೇ ಹೊಸ ವಿಷಯ ಬೇಕು. ಸಂಜೆ ಕಾರ್ಯಕ್ರಮ ಇಟ್ಟುಕೊಂಡವರಿಗೆ ಮೂರು ಸಾಲು ಸಾಕು. ಹೀಗೆ ಕೈಪಿಡಿ ಎರಡು ಭಾಗವಾಯಿತು: ಮೊದಲ ಭಾಗ ಅನುಕ್ರಮವಾಗಿ ಓದುವ ಪಾಠಗಳು, ಎರಡನೆಯದು ಯಾವ ಪುಟವನ್ನಾದರೂ ಬಿಡಿಯಾಗಿ ತೆರೆಯಬಹುದಾದ ಕೆಲಸಗಳು. ಪೂರ್ಣ ಆಕರಕ್ಕೆ ಲಿಲಿಪಾಂಡ್‌ನ ಮೂಲ ಪುಸ್ತಕವೇ ಇದೆ, ಅದನ್ನು ಮತ್ತೆ ಬರೆಯುವುದು ಶ್ರಮದ ಪೋಲು. ನಮ್ಮ ಪುಟಗಳ ಕೊನೆಯಲ್ಲಿ ಅಲ್ಲಿನ ವಿಭಾಗದ ಹೆಸರು ಕೊಟ್ಟರೆ ಸಾಕಿತ್ತು.

ಪಾಠಗಳ ಅನುಕ್ರಮವೇ ನಿಜವಾದ ಕಷ್ಟದ ಕೆಲಸ. ಇಲ್ಲಿ ಮೂರು ನಾಲ್ಕು ನಿರ್ಧಾರಗಳನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಕರ್ನಾಟಕ ಸಂಗೀತದವರಿಗೆ ಇಂಥ ತಂತ್ರಾಂಶ ಹೇಳಿಕೊಡುವ ಯಾರಿಗಾದರೂ ಅವು ಎದುರಾಗುತ್ತವೆ.

ಮೊದಲನೆಯದು ಚುಕ್ಕಿ ಮತ್ತು ಅಲ್ಪವಿರಾಮ. ನಮ್ಮ ಸ್ವರಲಿಪಿಯಲ್ಲಿ ಸ್ವರದ ಮೇಲೆ ಚುಕ್ಕಿ ಇಟ್ಟರೆ ತಾರಸ್ಥಾಯಿ, ಅಂದರೆ ಮೇಲಿನ ದನಿ, ಕೆಳಗೆ ಇಟ್ಟರೆ ಮಂದ್ರ, ಅಂದರೆ ತಗ್ಗಿನದು. ಅಲ್ಪವಿರಾಮ ಹಾಕಿದರೆ ಸ್ವರ ಮುಂದುವರಿಯುತ್ತದೆ, ಅರ್ಧವಿರಾಮ ಹಾಕಿದರೆ ಅದರ ಎರಡರಷ್ಟು. ಲಿಲಿಪಾಂಡ್‌ನಲ್ಲಿ ಅಕ್ಷರಕ್ಕೆ ಅಲ್ಪವಿರಾಮ ಅಂಟಿಸಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಮೇಲೇರಿಸಲು ಒಂಟಿ ಉದ್ಧರಣ ಚಿಹ್ನೆ. ಚುಕ್ಕಿಯನ್ನು ಕಾಲದ ಅಂಕಿಯ ಪಕ್ಕ ಇಟ್ಟರೆ ಸ್ವರ ಒಂದೂವರೆಯಷ್ಟು ಉದ್ದವಾಗುತ್ತದೆ. ಇನ್ನು ಅಚ್ಚಾದ ಸ್ಟಾಫ್ ಹಾಳೆಯಲ್ಲಿ ಸ್ವರದ ತಲೆಯ ಮೇಲೋ ಕೆಳಗೋ ಕಾಣುವ ಚುಕ್ಕಿ ಸ್ಟಕಾಟೊ, ಅಂದರೆ ಮೊಟಕಾಗಿ ಬಿಡಬೇಕಾದ ಸ್ವರ. ಅಂದರೆ ನಮ್ಮಲ್ಲಿ ಸ್ಥಾಯಿ ಹೇಳುವ ಗುರುತು ಅಲ್ಲಿ ಕಾಲ ಹೇಳುತ್ತದೆ, ಕಾಲ ಹೇಳುವ ಗುರುತು ಸ್ಥಾಯಿ ಹೇಳುತ್ತದೆ! ಹೊಸಬರಿಗೆ ಇದನ್ನು ಅಡಿಟಿಪ್ಪಣಿಯಲ್ಲಿ ತಿಳಿಸಿದರೆ ಪ್ರಯೋಜನವಿಲ್ಲ. ನಮ್ಮ ಕೈಪಿಡಿಯಲ್ಲಿ ಮೊದಲ ಪಾಠಕ್ಕೂ ಮುಂಚೆ ಎದುರುಬದುರು ಎರಡು ಪುಟ ಇದಕ್ಕೇ ಮೀಸಲು: ಎಡಕ್ಕೆ ಸ್ವರಲಿಪಿಯ ಸಾಲು, ಬಲಕ್ಕೆ ಅದೇ ಸಾಲಿನ ಟೈಪ್ ಮಾಡಿದ ರೂಪ, ಅದರ ಕೆಳಗೆ ಅಚ್ಚಾದ ಸ್ಟಾಫ್.

ಎರಡನೆಯದು ಪಂಚಮ ಕೆಳಗೆ ಹೋಗುವ ಪ್ರಶ್ನೆ. ಲಿಲಿಪಾಂಡ್‌ನಲ್ಲಿ ಸ್ಥಾಯಿ ಹೇಳಲು ಎರಡು ದಾರಿ. ಒಂದರಲ್ಲಿ ಪ್ರತಿ ಸ್ವರಕ್ಕೂ ಸ್ಥಾಯಿಯ ಗುರುತು ಹಾಕಬೇಕು. ಇನ್ನೊಂದು ರಿಲೇಟಿವ್: ಹಿಂದಿನ ಸ್ವರಕ್ಕೆ ಹತ್ತಿರ ಯಾವುದೋ ಅದನ್ನು ತಂತ್ರಾಂಶವೇ ಆರಿಸುತ್ತದೆ, ಬೆರಳಿಗೆ ಕೆಲಸ ಕಡಿಮೆ. ಅನೇಕರು ಹೇಳಿಕೊಡುವಾಗ ರಿಲೇಟಿವ್‌ನಿಂದಲೇ ಶುರುಮಾಡುತ್ತಾರೆ. ಆದರೆ ನಮ್ಮ ವಿದ್ಯಾರ್ಥಿ ಮೊದಲು ಟೈಪ್ ಮಾಡುವುದು ಏನು? ಸ, ಪ, ಮೇಲಿನ ಸ. ತಂಬೂರಿಯ ಶ್ರುತಿಗೆ ಕಿವಿಗೊಟ್ಟು ಬೆಳೆದವರ ಕೈಗೆ ಅದೇ ಸಹಜ. ಷಡ್ಜದಿಂದ (ಸ) ಮೇಲಿನ ಪಂಚಮ (ಪ) ಐದನೆಯ ಮೆಟ್ಟಿಲು, ಕೆಳಗಿನ ಪಂಚಮ ನಾಲ್ಕನೆಯದು. ಕೆಳಗಿನದೇ ಹತ್ತಿರ, ಹಾಗಾಗಿ ರಿಲೇಟಿವ್‌ನಲ್ಲಿ ಪಂಚಮ ಮಂದ್ರಕ್ಕೆ ಇಳಿಯುತ್ತದೆ. ತಂತ್ರಾಂಶ ತನ್ನ ನಿಯಮವನ್ನೇ ಪಾಲಿಸಿದೆ, ಆದರೆ ಕಲಿಯುವವರ ವಿಶ್ವಾಸ ಮೊದಲ ಸಾಲಿಗೇ ಮುರಿಯುತ್ತದೆ. ಪಾಠಗಳಲ್ಲೆಲ್ಲ ಪ್ರತಿ ಸ್ವರಕ್ಕೂ ಸ್ಥಾಯಿ ಹಾಕುವ ದಾರಿಯನ್ನೇ ಬಳಸಿದೆವು. ರಿಲೇಟಿವ್ ಎರಡನೆಯ ಭಾಗಕ್ಕೆ ಹೋಯಿತು, “ಬೇಗ ಟೈಪ್ ಮಾಡಲು” ಎಂಬ ತಲೆಬರಹದಡಿ.

ಮೂರನೆಯದು ಮೊದಲ ಉದಾಹರಣೆಯ ಆಯ್ಕೆ. ಇದರಲ್ಲಿ ಮೇಡಂಗೂ ನನಗೂ ದೀರ್ಘ ಚರ್ಚೆ ನಡೆಯಿತು. ತೊಡಕಾದದ್ದು ಕೀ ಸಿಗ್ನೇಚರ್, ಅಂದರೆ ಯಾವ ಸ್ವರಗಳು ಅರ್ಧ ಮೆಟ್ಟಿಲು ಇಳಿದಿವೆ (ಫ್ಲ್ಯಾಟ್) ಅಥವಾ ಏರಿವೆ (ಶಾರ್ಪ್) ಎಂದು ಸಾಲಿನ ಮೊದಲಲ್ಲೇ ಹೇಳುವ ಗುರುತು.

“ಸರಳೆ ವರಸೆಯಿಂದ ಶುರುಮಾಡಮ್ಮ. ಮಕ್ಕಳಿಗೆ ಬಾಯಲ್ಲಿರೋದು ಅದೇ. ಪುರಂದರದಾಸರ ಕಾಲದಿಂದ ಪಾಠ ಅಂದ್ರೆ ಮಾಯಾಮಾಳವಗೌಳ ರಾಗ.”

“ಮೇಡಂ, ಅದರಲ್ಲಿ ರಿ ದ ಎರಡೂ ಶುದ್ಧ. ಸಿ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಡಿ ಫ್ಲ್ಯಾಟ್, ಎ ಫ್ಲ್ಯಾಟ್ ಬರ್ತವೆ. ಪಾಶ್ಚಾತ್ಯರ ಕೀ ಸಿಗ್ನೇಚರುಗಳಲ್ಲಿ ಆ ಎರಡೇ ಫ್ಲ್ಯಾಟ್ ಇರೋದು ಯಾವುದೂ ಇಲ್ಲ. ಅವರಲ್ಲಿ ಎರಡು ಫ್ಲ್ಯಾಟ್ ಅಂದ್ರೆ ಬಿ ಮತ್ತು ಇ.”

“ಹಾಗಾದ್ರೆ ಆಗೋದೇ ಇಲ್ವಾ?”

ಆಗುತ್ತದೆ. ನಮಗೆ ಬೇಕಾದ ಸ್ವರಗಳಿಗೆ ಮಾತ್ರ ಫ್ಲ್ಯಾಟ್ ಇರುವ ಕೀ ಸಿಗ್ನೇಚರನ್ನು ಲಿಲಿಪಾಂಡ್‌ನಲ್ಲಿ ನಾವೇ ಕಟ್ಟಿಕೊಳ್ಳಬಹುದು. ಆದರೆ ಅದಕ್ಕೆ ಸ್ಕೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಬರೆಯಬೇಕು, ಆವರಣ ಚಿಹ್ನೆಗಳ ಒಳಗೆ ಆವರಣ ಚಿಹ್ನೆ. ಮೊದಲ ಪಾಠಕ್ಕೆ ಅದು ಹೊರೆ. ಬಿಟ್ಟರೆ ಪ್ರತಿ ರಿಷಭ, ಪ್ರತಿ ಧೈವತದ ಮುಂದೆಯೂ ಫ್ಲ್ಯಾಟ್ ಚಿಹ್ನೆ ಬಂದು ಹಾಳೆ ತುಂಬಿಹೋಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಸ್ವರಲಿಪಿಯಲ್ಲಿ ರಿ ಎಂದು ಬರೆದರೆ ಸಾಕು, ಅದು ಶುದ್ಧವೋ ಚತುಶ್ರುತಿಯೋ ಎಂಬುದನ್ನು ರಾಗ ಹೇಳುತ್ತದೆ. ಲಿಲಿಪಾಂಡ್ ಹಾಗಲ್ಲ: ಕೀ ಸಿಗ್ನೇಚರ್ ಏನೇ ಇರಲಿ, ಡಿ ಫ್ಲ್ಯಾಟ್ ಬೇಕಾದರೆ ಡಿ, ಇ, ಎಸ್ ಎಂದು ಪೂರ್ತಿಯಾಗಿಯೇ ಟೈಪ್ ಮಾಡಬೇಕು. ಬರೀ ಡಿ ಎಂದರೆ ಅದು ಚತುಶ್ರುತಿ ರಿಷಭವೇ. ರಾಗದ ಮೇಲೆ ಭಾರ ಹಾಕಿ ಬರೆದು ಅಭ್ಯಾಸವಾದ ಕೈಗೆ ಇದು ದೊಡ್ಡ ಬದಲಾವಣೆ, ಅದಕ್ಕೆ ಒಂದು ಇಡೀ ಪಾಠ ಬೇಕು.

ಕೊನೆಗೆ ದಾರಿ ತೋರಿಸಿದ್ದು ಮೇಡಂ ಅವರೇ. “ನೊಟ್ಟುಸ್ವರ ಇಟ್ಟುಕೋ” ಎಂದರು. ಮುತ್ತುಸ್ವಾಮಿ ದೀಕ್ಷಿತರು (1775–1835) ಕಂಪನಿ ಕಾಲದ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ ಪುಟ್ಟ ರಚನೆಗಳು ಅವು. ರಾಗ ಶಂಕರಾಭರಣ, 29ನೆಯ ಮೇಳ. ಸಿ ಷಡ್ಜವಾದರೆ ಶಾರ್ಪೂ ಇಲ್ಲ, ಫ್ಲ್ಯಾಟೂ ಇಲ್ಲ. ಗಮಕದ, ಅಂದರೆ ಸ್ವರವನ್ನು ತೂಗಿ ಬಳಸುವ ಅಲಂಕಾರದ, ಭಾರವಿಲ್ಲ, ಹುಟ್ಟಿದ್ದೇ ಐದು ಗೆರೆಯ ಲೋಕದಲ್ಲಿ. ಪಿಟೀಲು ಮಕ್ಕಳಿಗೂ ಗೊತ್ತು, ಕೀಬೋರ್ಡ್ ಹುಡುಗರಿಗೂ ಗೊತ್ತು, ಗಾಯನವೃಂದದವರಿಗೂ ಮಟ್ಟು ಪರಿಚಿತ. ಕೃತಿಸ್ವಾಮ್ಯದ ಚಿಂತೆಯೂ ಇಲ್ಲ. ಕೈಪಿಡಿಗೆ ಇಂಥ ಉದಾಹರಣೆ ಸಿಗುವುದು ಭಾಗ್ಯ. ಒಂದೇ ರಚನೆಯನ್ನು ಪಾಠದಿಂದ ಪಾಠಕ್ಕೆ ಬೆಳೆಸಿದೆವು: ಮೊದಲು ಬರೀ ಸ್ವರ, ಆಮೇಲೆ ಕಾಲ, ತಾಳದ ಅಳತೆಗೆ ಸಾಲನ್ನು ಬಾರ್‌ಗಳಾಗಿ ಬೇರ್ಪಡಿಸುವ ಬಾರ್ ಗೆರೆ, ಸಾಹಿತ್ಯ, ಎರಡನೆಯ ದನಿ, ಕೊನೆಗೆ ಬೇರೆ ಶ್ರುತಿಗೆ ವರ್ಗಾವಣೆ. ಮಾಯಾಮಾಳವಗೌಳದ ಸರಳೆ ವರಸೆ ಎರಡನೆಯ ಭಾಗದ ಮೊದಲ ಪುಟವಾಯಿತು, ಕೀ ಸಿಗ್ನೇಚರಿನ ಆ ಸಾಲನ್ನು ಹಾಗೆಯೇ ನಕಲು ಮಾಡಿಕೊಳ್ಳುವಂತೆ ಕೊಟ್ಟೆವು.

ಈ ಹಂತದಲ್ಲೇ ಮೇಡಂ ಇನ್ನೊಂದು ಮಾತಿಗೆ ಒತ್ತಾಯಿಸಿದರು. ಕರ್ನಾಟಕ ಸಂಗೀತವನ್ನು ಸ್ಟಾಫ್‌ಗೆ ಇಳಿಸುವ ಪ್ರಯತ್ನ ಹೊಸದಲ್ಲ, ಮದರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರ್ 1890ರ ದಶಕದಲ್ಲೇ ಅದನ್ನು ದೊಡ್ಡದಾಗಿ ಕೈಗೆತ್ತಿಕೊಂಡಿದ್ದರು. ಆದರೂ ತೋಡಿ ರಾಗದ ತೂಗುವ ಗಾಂಧಾರ ಐದು ಗೆರೆಯ ಮೇಲೆ ನಿಲ್ಲುವುದಿಲ್ಲ. ಈ ಕೈಪಿಡಿ ಸ್ವರಲಿಪಿಯ ಜಾಗಕ್ಕೆ ಬಂದದ್ದಲ್ಲ, ಗುಂಪಾಗಿ ನುಡಿಸುವ, ಹಾಡುವ ಹಾಳೆಗಳಿಗೆ ಮಾತ್ರ ಎಂದು ಮುನ್ನುಡಿಯಲ್ಲಿ ಬರೆದಿದ್ದೇವೆ. ಗಮಕಕ್ಕೆ ಪುಟವಿಲ್ಲ. ನನಗೂ ಅದೇ ಸರಿ ಎನ್ನಿಸುತ್ತದೆ. ಕೈಪಿಡಿ ಯಾವುದನ್ನು ಹೇಳುವುದಿಲ್ಲ ಎಂಬುದು ಮೊದಲೇ ತಿಳಿದರೆ ಓದುಗರ ಸಮಯ ಉಳಿಯುತ್ತದೆ.

ಸಾಹಿತ್ಯದ ಅಧ್ಯಾಯ ಎಲ್ಲಕ್ಕಿಂತ ಉದ್ದವಾಗಿದೆ, ಬೇಕೆಂದೇ. ಕನ್ನಡ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ನೇರವಾಗಿ ಟೈಪ್ ಮಾಡಬಹುದು, ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿಟ್ಟ ಹಾಡುಗಳನ್ನು ತಂದು ಅಂಟಿಸಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಬೆಂಗಳೂರಿನ ಎಷ್ಟೋ ಗಾಯಕರ ಹಾಡಿನ ಸಂಗ್ರಹ ಆ ಹಳೆಯ ಫೈಲುಗಳಲ್ಲೇ ಇರುವುದರಿಂದ ಇದಕ್ಕೆ ಅಧ್ಯಾಯದ ಮೊದಲ ಪುಟವನ್ನೇ ಕೊಟ್ಟೆವು.

ಮುಂದಿನ ಪ್ರಶ್ನೆ, ಪದವನ್ನು ಎಲ್ಲಿ ಒಡೆಯಬೇಕು. ಲಿಲಿಪಾಂಡ್‌ಗೆ ಒಂದು ಸ್ವರಕ್ಕೆ ಒಂದು ತುಂಡು ಬೇಕು, ಒಂದೇ ಪದದ ತುಂಡುಗಳ ನಡುವೆ ಎರಡು ಹೈಫನ್, ಹೈಫನ್‌ಗಳ ಎರಡೂ ಬದಿಗೆ ಜಾಗ. ಜಾಗ ಬಿಡದೆ ಹೋದರೆ ಇಡೀ ಪದ ಒಂದೇ ಸ್ವರದ ಕೆಳಗೆ ಮುದ್ದೆಯಾಗುತ್ತದೆ. “ಭಕ್ತಿ” ಎಂಬ ಪದವನ್ನು ಕಿವಿ ಭಕ್, ತಿ ಎಂದು ಕೇಳುತ್ತದೆ, ಗಾಯನವೃಂದದ ಹಿರಿಯರು ಹಾಗೆಯೇ ಒಡೆಯುತ್ತಿದ್ದರು. ನಮ್ಮ ಸಂಗೀತ ಪುಸ್ತಕಗಳ ರೂಢಿ ಭ, ಕ್ತಿ. ಇಲ್ಲಿ ನಾನು ರೂಢಿಯ ಪರ ನಿಂತೆ. ಹಾಡುವವರ ಕಣ್ಣು ಅಕ್ಷರವನ್ನು ಇಡಿಯಾಗಿ ಗುರುತಿಸುತ್ತದೆ, ಅರ್ಧಾಕ್ಷರ ಕಂಡರೆ ಕ್ಷಣ ತಡೆಯುತ್ತದೆ. ಅನುಸ್ವಾರ ಹಿಂದಿನ ಅಕ್ಷರದ ಜೊತೆಗೇ ಇರಲಿ: ಸಂ, ಗೀ, ತ. ಹಿರಿಯರು ತಮ್ಮ ಗುಂಪಿನಲ್ಲಿ ಎರಡೂ ಬಗೆಯ ಹಾಳೆ ಕೊಟ್ಟು ಹಾಡಿಸಿ ನೋಡಿ, ಆಮೇಲೆ ಒಪ್ಪಿದರು. ಒತ್ತಕ್ಷರಗಳು ಕೆಳಕ್ಕೆ ಇಳಿಬೀಳುವುದರಿಂದ ಎರಡು ಮೂರು ಚರಣಗಳನ್ನು ಒಂದರ ಕೆಳಗೊಂದು ಇಟ್ಟಾಗ ಸಾಲುಗಳು ಒತ್ತೊತ್ತಾಗಿ ಕಾಣುತ್ತವೆ, ಅಂತರ ಹೆಚ್ಚಿಸುವ ಆದೇಶವನ್ನೂ ಅಲ್ಲೇ ಕೊಟ್ಟಿದ್ದೇವೆ. ಅಕ್ಷರಶೈಲಿಗೆ ನೋಟೋ ಸೆರಿಫ್ ಕನ್ನಡ ಎಂದು ಎಲ್ಲ ಉದಾಹರಣೆಗಳಲ್ಲೂ ಒಂದೇ ಹೆಸರು.

ತಾಳದ ಪುಟಗಳು ಬೇಗ ಮುಗಿದವು. ಆದಿತಾಳದ ಎಂಟು ಅಕ್ಷರಗಳನ್ನು ಒಂದೇ ಬಾರ್‌ನಲ್ಲಿಟ್ಟು ನಾಲ್ಕು, ಎರಡು, ಎರಡಕ್ಕೆ ತುಂಡುಗೆರೆ ಹಾಕುವುದು ಒಂದು ಕ್ರಮ. ಮಿಶ್ರಛಾಪುವಿನ ಏಳನ್ನು ಮೂರು ನಾಲ್ಕಾಗಿ ಗುಂಪಾಗಿಸಲು ಲಯದ ಆದೇಶದಲ್ಲೇ ಆ ಅಂಕಿಗಳನ್ನು ಕೊಟ್ಟರಾಯಿತು, ಸಣ್ಣ ಸ್ವರಗಳನ್ನು ಜೋಡಿಸುವ ಗೆರೆಗಳು ತಾವಾಗಿ ಹಾಗೆ ಕೂಡಿಕೊಳ್ಳುತ್ತವೆ.

ಉದಾಹರಣೆಗಳ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪಲಿಲ್ಲ. ಪುಸ್ತಕದಲ್ಲಿ ಕಾಣುವ ಚಿತ್ರ ಅದರ ಪಕ್ಕದಲ್ಲಿರುವ ಅಕ್ಷರಗಳಿಂದಲೇ ಹುಟ್ಟಿರಬೇಕು. ಇದಕ್ಕೆ ಲಿಲಿಪಾಂಡ್ ಜೊತೆಗೇ ಬರುವ ಲಿಲಿಪಾಂಡ್-ಬುಕ್ ಇದೆ: ಪಠ್ಯದ ನಡುವೆ ಸಂಗೀತದ ಕೋಡ್ ಬರೆದಿಟ್ಟರೆ ಅದು ಆ ಜಾಗದಲ್ಲಿ ಅಚ್ಚಾದ ಸ್ಟಾಫ್ ತಂದು ಕೂರಿಸುತ್ತದೆ. ಮೂಲ ಕೈಪಿಡಿಗಳೂ ಹೀಗೆಯೇ ತಯಾರಾಗುತ್ತವೆ. ಪರದೆಯ ಫೋಟೋ ತೆಗೆದು ಅಂಟಿಸಿದರೆ ಬೇಗ ಆಗುತ್ತದೆ ಎಂದು ಹುಡುಗರು ಹೇಳಿದರು. ಆದರೆ ಫೋಟೋ ಹಳತಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಕಟ್ಟಿದ ಪುಸ್ತಕದಲ್ಲಿ ಒಂದು ಉದಾಹರಣೆ ಕೆಟ್ಟರೂ ಪುಸ್ತಕವೇ ತಯಾರಾಗದೆ ನಿಲ್ಲುತ್ತದೆ, ಆಗ ಸರಿಮಾಡಲೇಬೇಕು. ಪ್ರತಿ ಉದಾಹರಣೆಯ ತಲೆಯಲ್ಲಿ ಆವೃತ್ತಿಯ ಸಂಖ್ಯೆ ಇದೆ. ನಾವು ನಿಂತಿರುವುದು 2022ರ ಕೊನೆಯಲ್ಲಿ ಬಂದ 2.24ರ ಮೇಲೆ. ಮೊದಲ ಚುಕ್ಕಿಯ ನಂತರದ ಅಂಕಿ ಸಮಸಂಖ್ಯೆಯಾದರೆ ಅದು ಸ್ಥಿರ ಆವೃತ್ತಿ ಎಂಬುದು ಅವರ ಪದ್ಧತಿ. ಮುಂದೆ ಹೊಸದು ಬಂದಾಗ ಕನ್ವರ್ಟ್-ಲೈ ಎಂಬ ಉಪಕರಣ ಆ ಸಂಖ್ಯೆ ನೋಡಿ ಹಳೆಯ ಬರವಣಿಗೆಯನ್ನು ಹೊಸದಕ್ಕೆ ಬದಲಿಸುತ್ತದೆ.

ಪುಟಗಳು ಒಂದು ಆಕಾರಕ್ಕೆ ಬಂದಾಗ ಗಾಂಧಿ ಬಜಾರಿನಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಬಳಗಕ್ಕೆ ಹಂಚಿದೆ. ಓದಿ ಅಭಿಪ್ರಾಯ ಹೇಳಿ ಎಂದು ಕೇಳಲಿಲ್ಲ. ಪಕ್ಕದಲ್ಲಿ ಕೂತು, ಒಂದು ಕೆಲಸ ಕೊಟ್ಟು, ಅವರ ಬೆರಳು ಯಾವ ಪುಟಕ್ಕೆ ಹೋಗುತ್ತದೆ ಎಂದು ಸುಮ್ಮನೆ ನೋಡಿದೆ. ಕೈಪಿಡಿ ಬರೆಯುವ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕೀಬೋರ್ಡ್ ಹುಡುಗನೊಬ್ಬನ ಎದುರಿಗಿದ್ದ ಹಾಳೆಯಲ್ಲಿ ಎರಡು ಸ್ವರಗಳ ಮೇಲೆ ಬಿಲ್ಲಿನಂಥ ಗೆರೆ ಇತ್ತು. ಪರಿವಿಡಿ ನೋಡಿದ, ಮತ್ತೆ ನೋಡಿದ, ಕೈಚೆಲ್ಲಿದ.

“ಅಕ್ಕ, ಇದರ ಹೆಸರೇ ಗೊತ್ತಿಲ್ಲ ಅಂದ್ರೆ ಎಲ್ಲಿ ಅಂತ ಹುಡುಕ್ಲಿ? ನಂಗೆ ಕಾಣ್ತಿರೋದು ಗೆರೆ ಅಷ್ಟೇ.”

ನೆಲದ ಮೇಲಿನ ಚೀಟಿಗಳು ಹೇಳಿದ್ದನ್ನೇ ಅವನು ಬಾಯಿಬಿಟ್ಟು ಹೇಳಿದ್ದ. ಆವತ್ತು ಹುಟ್ಟಿದ್ದು ಗುರುತುಗಳ ಸೂಚಿ. ಪುಸ್ತಕದ ಕೊನೆಯಲ್ಲಿ ಪದಗಳ ಸೂಚಿಗೂ ಮುಂಚೆ, ಕಣ್ಣಿಗೆ ಕಾಣುವ ಆಕಾರದ ಪ್ರಕಾರ ಜೋಡಿಸಿದ ಪುಟಗಳು. ಚುಕ್ಕಿಗಳು: ತಲೆಯ ಮೇಲೆ, ಕೆಳಗೆ, ಪಕ್ಕದಲ್ಲಿ, ಬಾರ್ ಗೆರೆಯ ಬಳಿ. ಬಾಗಿದ ಗೆರೆಗಳು: ಒಂದೇ ಸ್ವರದ ಎರಡು ತಲೆಗಳನ್ನು ಕೂಡಿಸಿದರೆ ಟೈ, ಬೇರೆ ಬೇರೆ ಸ್ವರಗಳ ಮೇಲೆ ಹಾಯ್ದರೆ ಸ್ಲರ್. ನೇರ ಗೆರೆಗಳು, ಅಂಕಿಗಳು, ಅಕ್ಷರಗಳು. ಪ್ರತಿಯೊಂದರ ಎದುರು ಚಿತ್ರ, ಟೈಪ್ ಮಾಡುವ ರೂಪ, ಪುಟದ ಸಂಖ್ಯೆ. ಬಳಗದಲ್ಲಿ ಈಗ ಪ್ರತಿಗಳನ್ನು ನೋಡಿದರೆ ಈ ಪುಟಗಳ ಅಂಚೇ ಹೆಚ್ಚು ಕಪ್ಪಾಗಿದೆ.

ಇದರ ಜೋಡಿಯಾಗಿ ಎಡವಟ್ಟುಗಳ ಪುಟ ಬಂತು, ಅದೂ ಪರದೆಯ ಮೇಲೆ ಕಾಣುವುದನ್ನೇ ಹಿಡಿದು. ಮುಚ್ಚುವ ಪುಷ್ಪಾವರಣ ( } ) ಬಿಟ್ಟುಹೋದರೆ ತಂತ್ರಾಂಶ ಫೈಲಿನ ಕೊನೆಯ ಸಾಲಿನಲ್ಲಿ ತಪ್ಪಿದೆ ಎನ್ನುತ್ತದೆ, ತಪ್ಪು ನಿಜಕ್ಕೂ ನಡುವೆಲ್ಲೋ ಇರುತ್ತದೆ. ಇದು ಗೊತ್ತಿಲ್ಲದವರು ಕೊನೆಯ ಸಾಲನ್ನೇ ನೋಡುತ್ತಾ ಕೂರುತ್ತಾರೆ. ಬಾರ್ ಮುಗಿದಲ್ಲೆಲ್ಲ ಒಂದು ನಿಲುಗೆರೆ ಟೈಪ್ ಮಾಡುವ ಅಭ್ಯಾಸವನ್ನು ಮೊದಲ ಪಾಠದಿಂದಲೇ ಹಾಕಿಸಿದ್ದೇವೆ. ಕಾಲದ ಲೆಕ್ಕ ತಪ್ಪಿದರೆ ತಂತ್ರಾಂಶ ಆ ಬಾರ್‌ನಲ್ಲೇ ಎಚ್ಚರಿಸುತ್ತದೆ, ಇಡೀ ಹಾಡು ಅಚ್ಚಾದ ಮೇಲೆ ತಾಳ ತಪ್ಪಿದ್ದು ತಿಳಿಯುವ ಪಾಡು ತಪ್ಪುತ್ತದೆ. ಲಿಲಿಪಾಂಡ್ ಕೋಡ್ ಬರೆಯಲು ಬಳಸುವ ಫ್ರೆಸ್ಕೊಬಾಲ್ಡಿ ಎಂಬ ಸಂಪಾದಕ ತಂತ್ರಾಂಶದಲ್ಲಿ ಅಚ್ಚಾದ ಸ್ವರವನ್ನು ಕ್ಲಿಕ್ ಮಾಡಿದರೆ ಅದರ ಕೋಡ್ ಇರುವ ಜಾಗಕ್ಕೆ ಹೋಗುತ್ತದೆ. ಈ ಸೌಲಭ್ಯಕ್ಕಾಗಿಯೇ ಕೈಪಿಡಿಯನ್ನು ಆ ಸಂಪಾದಕದ ಮೇಲೆ ಕಟ್ಟಿದೆವು.

ಪದಸೂಚಿಯ ಅಕಾರಾದಿಗೂ ಗಮನ ಬೇಕಾಯಿತು. ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಳ ಎಂಬುದು ಲ ಆದ ಕೂಡಲೇ ಬರುತ್ತದೆ, ನಮ್ಮ ನಿಘಂಟುಗಳಲ್ಲಿ ಹ ಆದ ಮೇಲೆ. ತಾಳ, ಮೇಳ, ಕೆಳಗೆ, ಹೀಗೆ ಸಂಗೀತದ ಪುಸ್ತಕದಲ್ಲಿ ಳಕಾರಕ್ಕೆ ಬರವಿಲ್ಲ. ಕನ್ನಡದ ವಿಂಗಡಣೆಯ ನಿಯಮವನ್ನು ಬೇರೆಯಾಗಿ ಕೊಟ್ಟು ಸೂಚಿ ಮಾಡಿಸಿದೆವು. ನಿಘಂಟು ನೋಡಿ ಪಳಗಿದ ಓದುಗರು ಪದ ಇರಬೇಕಾದ ಕಡೆ ನೋಡಿ, ಕಾಣದೆ, ಪುಸ್ತಕದಲ್ಲೇ ಇಲ್ಲ ಎಂದುಕೊಳ್ಳಬಾರದು.

ಈಗ ಕೈಯಲ್ಲಿರುವ ಕೆಲಸ ಮೇಡಂ ಕೇಳಿದ ಒಂದು ಪುಟ. ಪಿಟೀಲಿನವರಿಗೆ ಒಂದೇ ಬಿಲ್ಲಿನಲ್ಲಿ ನುಡಿಸಬೇಕಾದ ಸ್ವರಗಳ ಮೇಲೆ ಸ್ಲರ್ ಹಾಕುತ್ತಾರೆ. ಹಾಡುವವರಿಗೆ ಅದೇ ಸ್ಲರ್ ಎಂದರೆ ಒಂದೇ ಅಕ್ಷರವನ್ನು ಎಳೆದು ಹಾಡುವುದು, ಲಿಲಿಪಾಂಡ್ ಕೂಡ ಹಾಗೆಯೇ ಓದಿಕೊಂಡು ಆ ಸ್ವರಗಳಿಗೆಲ್ಲ ಸೇರಿ ಒಂದೇ ಅಕ್ಷರ ಕೊಡುತ್ತದೆ. ಪಿಟೀಲಿಗೂ ಹಾಡಿಗೂ ಒಂದೇ ಸಾಲು ಬಳಸಿದಾಗ ಬಿಲ್ಲಿನ ಗೆರೆ ಹಾಕಿದ ಕೂಡಲೇ ಸಾಹಿತ್ಯ ಮುಂದಕ್ಕೆ ಜಾರುತ್ತದೆ. ಸಾಹಿತ್ಯದ ಸಾಲಿಗೆ ಆ ಗೆರೆಗಳನ್ನು ಲೆಕ್ಕಿಸಬೇಡ ಎಂದು ಒಂದು ಆದೇಶ ಕೊಟ್ಟರೆ ಪರಿಹಾರ. ಪುಟ ಎಲ್ಲಿಡಬೇಕು ಎಂಬುದಕ್ಕೆ ಮಾತ್ರ ಚರ್ಚೆಯಾಯಿತು. ಬಿಲ್ಲಿನ ವಿಷಯವಾದ್ದರಿಂದ ಪಿಟೀಲಿನ ವಿಭಾಗಕ್ಕೆ ಎಂದು ಮೇಡಂ, ಸಾಹಿತ್ಯದ ವಿಭಾಗಕ್ಕೆ ಎಂದು ನಾನು. ಹಾಳೆಯಲ್ಲಿ ಕೆಟ್ಟಂತೆ ಕಾಣುವುದು ಸಾಹಿತ್ಯ, ಹುಡುಕುವವರು ಬರುವುದೂ ಅಲ್ಲಿಗೇ. ಪುಟ ಸಾಹಿತ್ಯದ ಅಧ್ಯಾಯದಲ್ಲೇ ಇರುತ್ತದೆ, “ಅಕ್ಷರಗಳು ಮುಂದಕ್ಕೆ ಜಾರಿದರೆ” ಎಂಬ ತಲೆಬರಹದಲ್ಲಿ. ಗುರುತುಗಳ ಸೂಚಿಯಲ್ಲಿ ಬಾಗಿದ ಗೆರೆಯ ಎದುರು ಪಿಟೀಲಿಗೆ ಒಂದು ಪುಟಸಂಖ್ಯೆ, ಹಾಡಿಗೆ ಇನ್ನೊಂದು.